ನಲವತ್ತೆರಡು ಕಟ್ಟು

ಇಪ್ಪತ್ತೈದು ಬೀಡಿಗೆ ಒಂದು ಕಟ್ಟು,
ನಲವತ್ತು ಕಟ್ಟಿಗೆ ಒಂದು ಸಾವಿರ,
ಸಾವಿರಕ್ಕ ಒಂದು ದಿನದ ಹಾಜರಿ.
ಸೊಲ್ಲಾಪುರದ ನಮ್ಮ ಘರಕುಲದಾಗ
ತೊಟ್ಟಿಲ ಕೂಸಿಗೂ ಬರತದ ಈ ಮಗ್ಗಿ.

ಮಹಾನಂದಾನ ಎಡ ಎದಿ ತಗದ ವಾರಕ್ಕ
ನಮಗ ಹೊಸ ಮಗ್ಗಿ ಬಂತು:
ಏಳು ಮಂದಿ, ಆರಾರು ಕಟ್ಟು,
ನಲವತ್ತೆರಡು.
ಎರಡು ಹೆಚ್ಚಿಗಿ ಯಾಕಂದ್ರ, ಛಾಟಿಗೆ.
ಚೆಕ್ಕರ ಮಾನೆ ಮುರದು ಒಗೀತಾನ,
ಅವಗ ಯಾರ ಬ್ಯಾನಿನೂ ಕಾಣೂದಿಲ್ಲ.

ಹಾಜರಿ ತಪ್ಪಿದ್ರ ಕಾರ್ಡು ಸಾಯತದ.
ಕಾರ್ಡು ಸತ್ರ ಪಿ.ಎಫ್. ಇಲ್ಲ, ಬೋನಸ್ ಇಲ್ಲ,
ಮಗಳ ಸಾಲಿಗೆ ಬರೂ ರೊಕ್ಕ ಇಲ್ಲ.
ಆಕಿ ಬದುಕಬೇಕಂದ್ರ ಮೊದಲ ಕಾರ್ಡು ಬದುಕಬೇಕು
ಅಂತ ಲೆಕ್ಕ ಹಾಕಿದಾಕಿ ಪೋಶವ್ವ.
ಆಕಿಗೆ ಕನ್ನಡ ಅರ್ಧ, ತೆಲುಗು ಪೂರಾ,
ಲೆಕ್ಕ ಎರಡಕ್ಕೂ ಜಾಸ್ತಿ.

ಮೂರನೇ ದಿನ ಮಾನೆ ಆಕಿ ಬುಟ್ಟಿ ಮುಂದ ಎಳಕೊಂಡ.
ಬೀಡಿ ಅಂದ್ರ ಕೈಬರಹ ಇದ್ದಂಗ,
ಮಡಚಿದ ಬಾಯಿ ನೋಡಿ ಯಾರ ಕೈ ಅಂತ ಹೇಳತಾನವ.
ಬಾನೂಬಿದು ಬಿಗಿ, ಅಂಬುಬಾಯಿದು ಹೊಟ್ಟಿ ಉಬ್ಬಿದ್ದು,
ನನ್ನದು ದಾರ ಒಂದು ಸುತ್ತು ಹೆಚ್ಚಿಗಿ.
ಒಂದು ಬುಟ್ಟಿ, ಏಳು ಕೈಬರಹ.
ಕನ್ನಡಕ ತಗದು ಒರಸಿದ. ಮತ್ತ ಹಾಕ್ಕೊಂಡ.
‘ಮಹಾನಂದಾ, ಹಜಾರ, ಪೂರಾ’ ಅಂತ ಬರದ.
ಮ್ಯಾಲಿನ ಎರಡು ಕಟ್ಟು ಮಾತಿಲ್ಲದ ವಾಪಸ್ ಕೊಟ್ಟ.

ಗೆದ್ದವರಂಗ ನಕ್ಕೋತ ಬಂದ್ವಿ.

ಒಂದು ಲೆಕ್ಕ ತಪ್ಪಿತ್ತು.
ಎರಡನೇ ಕೀಮೋ ಆದಮ್ಯಾಲ
ತಂಬಾಕಿನ ವಾಸನಿ ಬಡದ್ರ ಸಾಕು
ಆಕಿ ಹೊಟ್ಟಿ ಕಿತ್ತು ಬಾಯಿಗೆ ಬರತಿತ್ತು.
ಅದಕ್ಕಂತ ಆಕಿ ಮನಿ ಕಟ್ಟಿ ಬಿಟ್ಟು
ಓಣಿ ಆ ತುದಿಗೆ, ನೀರಿನ ಟಾಕಿ ಹತ್ರ ಕೂಡಲಿಕ್ಕ ಹತ್ತಿದ್ವಿ.
ಒಳ್ಳೇದಕ್ಕ. ಆಕಿ ಸಲುವಾಗಿನೇ.
ಸಂಜಿಗೆ ಗಂಜಿ ಡಬ್ಬಿ ಹೊಸ್ತಿಲಕ್ಕ ಇಟ್ಟು
‘ಹ್ಯಾಂಗಿದಿ’ ಅಂತ ದೂರದಿಂದನೇ ಕೇಳಿ
ನಮ್ಮ ಸೀರಿ ವಾಸನಿ ನಾವೇ ಹೊತಗೊಂಡು ಹೊಳ್ಳತಿದ್ವಿ.
ಬುಟ್ಟಿ ದಿನಾ ತುಂಬತಿತ್ತು.

ಒಂದು ಸೋಮವಾರ ಮಗಳ ಕೈಲೆ ಹೇಳಿ ಕಳಿಸಿದಳು:
‘ಕಾರ್ಡಿಗೆ ಜೀವ ಅದ, ಗೊತ್ತಾತು.
ನನ್ನ ಹಂತ್ಯಾಕ ಯಾರು ಹಾಜರಿ ಹಾಕತೀರಿ?’

ಮರುದಿನ ಏಳೂ ಮಂದಿ
ನಿಂಬಿಹೋಳು ತಿಕ್ಕಿ ಕೈ ತೊಳಕೊಂಡು,
ಟ್ರಂಕಿನಾಗಿನ ಸೀರಿ ಉಟಗೊಂಡು,
ಲಗ್ನಕ್ಕ ಬಂದವರಂಗ ಆಕಿ ಕಟ್ಟಿಮ್ಯಾಲ ಕೂತ್ವಿ.
ಮೊರ ಇಲ್ಲ, ಕತ್ತರಿ ಇಲ್ಲ, ದಾರ ಇಲ್ಲ.
ಆರು ವರ್ಷದವರಿದ್ದಾಗಿಂದ ಖಾಲಿ ಇರದ ಕೈ,
ಎಲ್ಲಿ ಇಡಬೇಕಂತನೇ ತಿಳೀವಲ್ದು.
ಅಂಬುಬಾಯಿ ಸೆರಗಿನ ತುದಿ ಸುತ್ತಿ ಸುತ್ತಿ ಬೀಡಿ ಮಾಡಿದಳು.
ಬಾನೂಬಿ ತನ್ನ ಬೆರಳು ತಾನೇ ಎಣಿಸಿದಳು.
ಮಾತೂ ಬರಲಿಲ್ಲ,
ಕೈ ಆಡಿದ್ರ ಬಾಯಿ ಆಡೂ ಮಂದಿ ನಾವು.

ಮಹಾನಂದಾ ನೋಡಿದಳು.
ಬೋಳು ತಲಿಮ್ಯಾಲಿನ ಸ್ಕಾರ್ಫ್ ಹಿಂದ ಸರಿಸಿ
ನಕ್ಕಳು, ಶ್ರಾವಣದ ನಂತರ ಮೊದಲ ಸಲ.
‘ನಂದೂ ಹಿಂಗೇ ಅದ’ ಅಂತ ಕೈ ಮುಂದ ಚಾಚಿದಳು.
ಬೆರಳ ತುದಿ ಜೋಮು ಹಿಡದಾವ,
ಕುಪ್ಪಸದ ಹುಕ್ಕು ಹಾಕಲಿಕ್ಕ ಬರೂದಿಲ್ಲ,
ದಾರ ಹಿಡದ್ರ ದಾರ ಅನಿಸೂದಿಲ್ಲ.

ಯಾರೂ ‘ಎಲ್ಲಾ ಆರಾಮ ಆಗತದ’ ಅನ್ನಲಿಲ್ಲ.
ಆಗತದೋ ಇಲ್ಲೋ. ಇನ್ನ ಮೂರು ಉಳದಾವ.
ಪೋಶವ್ವ ಕೂತಲ್ಲಿಂದನೇ ಸರದು ಹೋಗಿ
ಆ ಬೆರಳು ಒಂದೊಂದೇ ತಿಕ್ಕಲಿಕ್ಕ ಹತ್ತಿದಳು,
ಒಣಗಿದ ಎಲಿ ನೆನಸಿ ಹದಕ್ಕ ತರೂವಂಗ,
ತೆಲುಗಿನಾಗ ಎಣಸಿಕೋತ.
ಹತ್ತಕ್ಕ ಮುಗೀತು.
ಮತ್ತ ಒಂದರಿಂದ ಶುರು ಮಾಡಿದಳು.

ಆ ದಿನ ನಮ್ಮ ಏಳೂ ಕಾರ್ಡಿಗೆ ಗೈರಹಾಜರಿ.
ಆಕೀದಷ್ಟೇ, ರಾತ್ರಿ, ಟಾಕಿ ಹತ್ರದ ಕಂಬದ ಬೆಳಕಿಗೆ
ಗಡಿಬಿಡಿಲೆ ಸುತ್ತಿ ಮುಗಿಸಿದ್ವಿ.
ನಿಂಬಿ ವಾಸನಿ ಕೈಗೆ ಇನ್ನಾ ಇತ್ತು, ಎಲಿಗೂ ಹತ್ತಿತು.
ನನ್ನ ದಾರ ಒಂದು ಸುತ್ತು ಕಡಿಮಿ ಬಿತ್ತು.
ಮಾನೆಗೆ ತಿಳೀತದ.
ತಿಳೀಲಿ.